ಶನಿವಾರಕ್ಕೆ ಹೊಂದಿಸಿಕೊಂಡ ಪ್ರವಾಸ: ಲೂಯಿಸಿಯಾನಾದ ಕೇಜನ್ ಮತ್ತು ಕ್ರಿಯೋಲ್ ನಾಡು

ಕೇಜನ್ ಸಂಗೀತ ಕೇಳಬೇಕು, ಗಂಬೊ ಸವಿಯಬೇಕು ಎಂದು ಅಮೆರಿಕದ ಲೂಯಿಸಿಯಾನಾ ರಾಜ್ಯಕ್ಕೆ ಹೊರಡುವ ಪ್ರವಾಸಿಗರಲ್ಲಿ ಅನೇಕರು ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದು, ಬರ್ಬನ್ ಬೀದಿಯಲ್ಲಿ ಅಡ್ಡಾಡಿ, ಒಂದು ದೋಣಿ ವಿಹಾರ ಮುಗಿಸಿಕೊಂಡು ಹಿಂತಿರುಗುತ್ತಾರೆ. ಆ ನಗರಕ್ಕೆ ತನ್ನದೇ ಆದ ಹಿರಿಮೆ ಇದೆಯಾದರೂ ಕೇಜನ್ ನಾಡು ಇರುವುದು ಅಲ್ಲಿಂದ ಪಶ್ಚಿಮಕ್ಕೆ ಸುಮಾರು 215 ಕಿ.ಮೀ. ದೂರದ ಲಾಫಯೆಟ್ ನಗರದ ಆಸುಪಾಸಿನ ಬಯಲು, ಜೌಗು ಮತ್ತು ಸಣ್ಣ ಊರುಗಳಲ್ಲಿ. ಇಷ್ಟನ್ನು ತಿಳಿದು ಲಾಫಯೆಟ್‌ವರೆಗೆ ಬರುವವರಿಗೂ ಇನ್ನೊಂದು ತೊಡಕು ಎದುರಾಗುತ್ತದೆ: ಮಂಗಳವಾರವೋ ಬುಧವಾರವೋ ಸಣ್ಣ ಊರಿಗೆ ಹೋದರೆ ಮುಖ್ಯ ಬೀದಿಯ ಅರ್ಧ ಬಾಗಿಲುಗಳು ಮುಚ್ಚಿರುತ್ತವೆ, ಸಂಗೀತದ ಸುಳಿವಿರುವುದಿಲ್ಲ, ಇಲ್ಲಿ ನೋಡಲು ಏನೂ ಇಲ್ಲವೆಂಬ ತೀರ್ಮಾನಕ್ಕೆ ಬಂದು ಅವರು ಮುಂದೆ ಸಾಗುತ್ತಾರೆ. ಸ್ಥಳದ ಆಯ್ಕೆಯಷ್ಟೇ ದಿನದ ಆಯ್ಕೆಯೂ ಇಲ್ಲಿ ನಿರ್ಣಾಯಕ ಎಂಬುದನ್ನು ಅರಿತರೆ ಈ ತೊಡಕಿನ ಬಹುಪಾಲು ತಾನಾಗಿ ಬಗೆಹರಿಯುತ್ತದೆ.

ಯಾರು ಕೇಜನ್, ಯಾರು ಕ್ರಿಯೋಲ್

ಇಂದಿನ ಕೆನಡಾದ ನೋವಾ ಸ್ಕೋಶಿಯಾ ಭಾಗದಲ್ಲಿ ನೆಲೆಸಿದ್ದ ಫ್ರೆಂಚ್ ಭಾಷಿಕ ಅಕೇಡಿಯನ್ನರನ್ನು ಬ್ರಿಟಿಷರು 1755ರಿಂದ ಬಲವಂತವಾಗಿ ಹೊರಹಾಕಿದರು. ಹಲವು ದಿಕ್ಕುಗಳಿಗೆ ಚದುರಿಹೋದ ಆ ಜನರಲ್ಲಿ ಕೆಲವರು 1764-65ರ ವೇಳೆಗೆ ಲೂಯಿಸಿಯಾನಾವನ್ನು ಮುಟ್ಟಿದರು. 1785ರಲ್ಲಿ ಏಳು ಹಡಗುಗಳಲ್ಲಿ ಇನ್ನೂ ಸುಮಾರು 1600 ಮಂದಿ ಫ್ರಾನ್ಸ್‌ನಿಂದ ಬಂದು ಸೇರಿಕೊಂಡರು. ಇವರ ವಂಶಸ್ಥರೇ ಕೇಜನ್ನರು. ಕ್ರಿಯೋಲ್ ಎಂಬ ಹೆಸರು ಊರಿನಿಂದ ಊರಿಗೆ ಬೇರೆ ಬೇರೆ ಜನರನ್ನು ಸೂಚಿಸುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಅದು ವಸಾಹತು ಕಾಲದ ಹಳೆಯ ಮನೆತನಗಳನ್ನೂ ಒಳಗೊಂಡರೆ, ಲಾಫಯೆಟ್ ಸುತ್ತಲಿನ ಬಯಲಿನಲ್ಲಿ ಸಾಮಾನ್ಯವಾಗಿ ಫ್ರೆಂಚ್ ಅಥವಾ ಕೂರಿ-ವಿನಿ ಎಂಬ ಕ್ರಿಯೋಲ್ ಭಾಷೆಯ ಪರಂಪರೆಯುಳ್ಳ, ಆಫ್ರಿಕನ್ ಮೂಲದ ಹಾಗೂ ಮಿಶ್ರ ಮೂಲದ ಜನರನ್ನು ಸೂಚಿಸುತ್ತದೆ. ಎರಡೂ ಸಮುದಾಯಗಳ ಅಡುಗೆ ಮತ್ತು ಸಂಗೀತ ಒಂದೇ ನೆಲದಲ್ಲಿ ಪರಸ್ಪರ ಕೊಟ್ಟು ತೆಗೆದುಕೊಂಡು ಬೆಳೆದಿರುವುದರಿಂದ ಒಂದನ್ನು ಮಾತ್ರ ನೋಡಿದವರು ಅರ್ಧ ನೋಡಿದಂತಾಗುತ್ತದೆ.

1921ರ ರಾಜ್ಯ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಭಾಷೆಯನ್ನಾಗಿ ಮಾಡಿದ ಮೇಲೆ ಮನೆಯ ಭಾಷೆಯನ್ನು ಆಡಿದ್ದಕ್ಕೆ ಮಕ್ಕಳು ಶಿಕ್ಷೆ ಅನುಭವಿಸಿದ ಕಾಲವೂ ಇಲ್ಲಿ ಇತ್ತು. 1968ರಲ್ಲಿ ಫ್ರೆಂಚ್ ಭಾಷೆಯ ಪುನಶ್ಚೇತನಕ್ಕಾಗಿ ರಾಜ್ಯವು ಕೋಡೋಫಿಲ್ ಎಂಬ ಮಂಡಳಿಯನ್ನು ಸ್ಥಾಪಿಸಿತು. 1971ರಲ್ಲಿ 22 ಪ್ಯಾರಿಶ್‌ಗಳ, ಅಂದರೆ ಲೂಯಿಸಿಯಾನಾದ ಜಿಲ್ಲೆಗಳ, ಈ ಪ್ರದೇಶಕ್ಕೆ ಅಕೇಡಿಯಾನಾ ಎಂಬ ಅಧಿಕೃತ ಹೆಸರು ದೊರಕಿತು.

ವಾರದ ಲಯ ಏಕೆ ಮುಖ್ಯ

ಈ ನಾಡಿನ ಸಂಗೀತ ವೇದಿಕೆಗಾಗಿ ಹುಟ್ಟಿದ್ದಲ್ಲ. ಆರು ದಿನ ಹೊಲದಲ್ಲಿ, ಮೀನುಗಾರಿಕೆಯಲ್ಲಿ ದುಡಿದ ಕುಟುಂಬಗಳು ವಾರಾಂತ್ಯದಲ್ಲಿ ಯಾರದಾದರೂ ಮನೆಯ ಕೋಣೆಯನ್ನು ತೆರವು ಮಾಡಿ ಕುಣಿಯುತ್ತಿದ್ದ ಗೃಹನೃತ್ಯಗಳಲ್ಲಿ ಅದು ಬೆಳೆಯಿತು. ಮುಂದೆ ಅವೇ ಕೂಟಗಳು ನೃತ್ಯಶಾಲೆಗಳಿಗೆ ಸ್ಥಳಾಂತರಗೊಂಡವು. ಇಂದಿಗೂ ವಾದಕರಲ್ಲಿ ಬಹಳಷ್ಟು ಮಂದಿ ಹಗಲು ಬೇರೆ ಉದ್ಯೋಗ ಮಾಡುವವರಾದ್ದರಿಂದ ಸಂಗೀತವು ಅವರ ಬಿಡುವನ್ನು ಅನುಸರಿಸುತ್ತದೆ. ಅಡುಗೆಯಾದರೂ ಹಾಗೆಯೇ ಋತುವನ್ನು ಅನುಸರಿಸುತ್ತದೆ. ಆದುದರಿಂದ ಪ್ರವಾಸದ ಯೋಜನೆಯನ್ನು ನಕ್ಷೆಯಿಂದ ಆರಂಭಿಸದೆ ಪಂಚಾಂಗದಿಂದ ಆರಂಭಿಸುವುದು ಲೇಸು: ಮೊದಲು ತಿಂಗಳು, ಬಳಿಕ ಶನಿವಾರ, ಅದರ ಸುತ್ತ ಉಳಿದ ದಿನಗಳು.

ಯೋಜನೆಯ ಹೆಜ್ಜೆಗಳು

1. ತಿಂಗಳನ್ನು ನಿರ್ಧರಿಸುವುದು. ಮಾರ್ಚ್‌ನಿಂದ ಮೇ ಆರಂಭದವರೆಗಿನ ಅವಧಿ ಎಲ್ಲ ದೃಷ್ಟಿಯಿಂದಲೂ ಉತ್ತಮ. ಹವೆ ಹಿತವಾಗಿರುತ್ತದೆ, ಕ್ರಾಫಿಶ್ ಹೇರಳವಾಗಿರುತ್ತದೆ, ಜೌಗಿನಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ಏಪ್ರಿಲ್ ಕೊನೆಯಲ್ಲಿ ಲಾಫಯೆಟ್‌ನ ಬೀದಿಗಳಲ್ಲಿ ನಡೆಯುವ ಫೆಸ್ಟಿವಲ್ ಇಂಟರ್‌ನ್ಯಾಷನಲ್ ಡಿ ಲೂಯಿಸಿಯಾನ್ 1987ರಿಂದ ಫ್ರೆಂಚ್ ಭಾಷಾ ಜಗತ್ತಿನ ಹಲವು ದೇಶಗಳ ಕಲಾವಿದರನ್ನು ಒಂದೆಡೆ ಸೇರಿಸುತ್ತಿದ್ದು, ಅದಕ್ಕೆ ಪ್ರವೇಶ ಉಚಿತ. ಎರಡನೆಯ ಒಳ್ಳೆಯ ಕಾಲ ಅಕ್ಟೋಬರ್. 1974ರ ಒಂದು ಗೌರವ ಸಂಗೀತ ಕಛೇರಿಯಿಂದ ಬೆಳೆದ ಫೆಸ್ಟಿವಲ್ಸ್ ಅಕೇಡಿಯನ್ಸ್ ಎ ಕ್ರಿಯೋಲ್ ಆಗ ನಡೆಯುತ್ತದೆ, ಸ್ಥಳೀಯ ಸಂಗೀತವನ್ನೇ ಕೇಳಬಯಸುವವರಿಗೆ ಎರಡರಲ್ಲಿ ಇದೇ ಮೇಲು. ಜುಲೈ, ಆಗಸ್ಟ್ ತಿಂಗಳ ಸೆಕೆ ಮಂಗಳೂರಿನ ಮೇ ತಿಂಗಳನ್ನು ಬಲ್ಲವರಿಗೂ ಆಯಾಸ ತರುವಂಥದು.

2. ಒಂದೇ ನೆಲೆಯನ್ನು ಹಿಡಿಯುವುದು. ಪ್ರತಿ ರಾತ್ರಿ ಊರು ಬದಲಿಸುವ ಅಗತ್ಯ ಇಲ್ಲಿ ಇಲ್ಲವೇ ಇಲ್ಲ. ಲಾಫಯೆಟ್‌ನಿಂದ ಬ್ರೋ ಬ್ರಿಜ್ ಸುಮಾರು 15 ಕಿ.ಮೀ., ನ್ಯೂ ಐಬೀರಿಯಾ 35 ಕಿ.ಮೀ., ಒಪೆಲೂಸಸ್ 40 ಕಿ.ಮೀ., ಯೂನಿಸ್ 70 ಕಿ.ಮೀ. ಅಂತರದಲ್ಲಿವೆ. ವಸತಿಯಲ್ಲಿ ಮೂರು ಬಗೆಗಳಿವೆ. ಲಾಫಯೆಟ್‌ನಲ್ಲಿ ಸಾಮಾನ್ಯ ಹೋಟೆಲುಗಳು ಧಾರಾಳವಾಗಿ ಸಿಗುತ್ತವೆ. ಬ್ರೋ ಬ್ರಿಜ್, ಸೇಂಟ್ ಮಾರ್ಟಿನ್‌ವಿಲ್‌ಗಳಲ್ಲಿ ಹಳೆಯ ಮನೆಗಳನ್ನೇ ತಂಗುಮನೆಗಳನ್ನಾಗಿಸಿ ಬೆಳಗಿನ ಉಪಾಹಾರ ಕೊಡುವ ವ್ಯವಸ್ಥೆಯಿದ್ದು, ಊರಿನ ಯಾವ ಮೂಲೆಯಲ್ಲಿ ಇಂದು ಯಾರು ನುಡಿಸುತ್ತಾರೆ ಎಂಬುದನ್ನು ಮನೆಯೊಡೆಯರ ಬಾಯಿಂದ ಕೇಳಿ ತಿಳಿಯುವ ಅನುಕೂಲ ಇಂಥ ಕಡೆ ಮಾತ್ರ ದೊರೆಯುತ್ತದೆ. ಮೂರನೆಯದು ಸರ್ಕಾರಿ ಉದ್ಯಾನಗಳಲ್ಲಿನ ಕುಟೀರಗಳು: ವಿಲ್ ಪ್ಲಾಟ್ ಬಳಿಯ ಚಿಕೊ, ಅಬೆವಿಲ್ ಬಳಿಯ ಪಾಲ್ಮೆಟೊ ಐಲೆಂಡ್, ಅಚಾಫಲಾಯಾ ಜೌಗಿನ ಅಂಚಿನಲ್ಲಿರುವ ಲೇಕ್ ಫೋಸ್ ಪಾಯಿಂಟ್ ಉದ್ಯಾನಗಳಲ್ಲಿ ಅಡುಗೆ ಕೋಣೆಯುಳ್ಳ ಕುಟೀರಗಳಿವೆ. ಸಸ್ಯಾಹಾರಿ ಕುಟುಂಬಗಳಿಗೆ ಈ ಮೂರನೆಯ ಬಗೆಯೇ ಹೆಚ್ಚು ಸೂಕ್ತ. ಉತ್ಸವದ ವಾರಗಳಲ್ಲಿ ಕೋಣೆಗಳು ತಿಂಗಳುಗಳ ಮೊದಲೇ ಭರ್ತಿಯಾಗುತ್ತವೆ.

3. ವಾಹನದ ಏರ್ಪಾಡು. ಆಮ್‌ಟ್ರ್ಯಾಕ್ ಸಂಸ್ಥೆಯ ಸನ್‌ಸೆಟ್ ಲಿಮಿಟೆಡ್ ರೈಲು ವಾರಕ್ಕೆ ಮೂರು ಬಾರಿ ಲೇಕ್ ಚಾರ್ಲ್ಸ್, ಲಾಫಯೆಟ್, ನ್ಯೂ ಐಬೀರಿಯಾಗಳಲ್ಲಿ ನಿಲ್ಲುತ್ತದೆಯಾದರೂ ಊರೂರು ಸುತ್ತಲು ಕಾರು ಬೇಕೇ ಬೇಕು. ಹ್ಯೂಸ್ಟನ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಸುಮಾರು 350 ಕಿ.ಮೀ. ದೂರದ ವಾರಾಂತ್ಯದ ಪಯಣ. ಶುಕ್ರವಾರ ಸಂಜೆ ಹೊರಟರೆ ಶನಿವಾರದ ಬೆಳಗನ್ನು ತಪ್ಪಿಸಿಕೊಳ್ಳುವುದಿಲ್ಲ.

4. ಶನಿವಾರವನ್ನು ಸೂರ್ಯೋದಯದಿಂದಲೇ ಲೆಕ್ಕ ಹಿಡಿಯುವುದು. ಹೊರಗಿನವರು ಸಂಗೀತವೆಂದರೆ ರಾತ್ರಿಯ ಕಾರ್ಯಕ್ರಮ ಎಂದು ಭಾವಿಸುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮಾಮೂ ಎಂಬ ಚಿಕ್ಕ ಊರಿನ ಫ್ರೆಡ್ಸ್ ಲೌಂಜ್ ಎಂಬ ಮದ್ಯದಂಗಡಿಯಲ್ಲಿ ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗಾಗಲೇ ಅಕಾರ್ಡಿಯನ್, ಪಿಟೀಲುಗಳ ವಾದನ ಆರಂಭವಾಗಿ, ಹಗ್ಗ ಕಟ್ಟಿ ಬೇರ್ಪಡಿಸಿದ ವಾದಕರ ಸುತ್ತಲಿನ ಕಿರಿದಾದ ಜಾಗದಲ್ಲಿ ಎಪ್ಪತ್ತು ದಾಟಿದ ದಂಪತಿಗಳೂ ವಾಲ್ಟ್ಸ್ ನರ್ತಿಸುತ್ತಿರುತ್ತಾರೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಲ್ಲಿಂದ ಸುಮಾರು 18 ಕಿ.ಮೀ. ದೂರದ ಯೂನಿಸ್‌ನಲ್ಲಿ, ಅಕಾರ್ಡಿಯನ್ ತಯಾರಕ ಮಾರ್ಕ್ ಸವಾಯ್ 1966ರಲ್ಲಿ ತೆರೆದ ಸವಾಯ್ ಮ್ಯೂಸಿಕ್ ಸೆಂಟರ್ ಎಂಬ ವಾದ್ಯಗಳ ಅಂಗಡಿಯು ಶನಿವಾರ ಬೆಳಗಿನ ಸಾಮೂಹಿಕ ವಾದನಕ್ಕೆ ಹೆಸರಾಗಿದೆ. ಅದೇ ಊರಿನಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯ ಪ್ರೇರಿ ಅಕೇಡಿಯನ್ ಸಾಂಸ್ಕೃತಿಕ ಕೇಂದ್ರವಿದ್ದು, ಅದನ್ನು ಉಚಿತವಾಗಿ ನೋಡಬಹುದು. ಪಕ್ಕದಲ್ಲೇ ಇರುವ 1924ರ ಲಿಬರ್ಟಿ ಥಿಯೇಟರ್ ಶನಿವಾರ ಸಂಜೆಯ ಫ್ರೆಂಚ್ ರೇಡಿಯೊ ಕಾರ್ಯಕ್ರಮಕ್ಕೆ ಪ್ರಸಿದ್ಧಿ ಪಡೆದದ್ದು. ಈ ಎಲ್ಲ ಕೂಟಗಳೂ ಸ್ಥಳೀಯರ ಉತ್ಸಾಹದಿಂದಲೇ ನಡೆಯುವಂಥವಾದ ಕಾರಣ ಆ ವಾರ ನಡೆಯುವುದೋ ಇಲ್ಲವೋ ಎಂಬುದನ್ನು ಹಿಂದಿನ ದಿನ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಬೇಕು.

5. ಭಾನುವಾರ ಮತ್ತು ವಾರದ ದಿನಗಳು. ಲಾಫಯೆಟ್‌ನಲ್ಲಿ 1990ರಲ್ಲಿ ತೆರೆದ ವರ್ಮಿಲಿಯನ್‌ವಿಲ್, ಹಳೆಯ ಮನೆಗಳನ್ನು ತಂದು ನಿಲ್ಲಿಸಿ, ನೇಯ್ಗೆ, ಕಮ್ಮಾರಿಕೆಗಳನ್ನು ಕಣ್ಣೆದುರೇ ತೋರಿಸುವ ಜೀವಂತ ವಸ್ತುಸಂಗ್ರಹಾಲಯ; ಭಾನುವಾರ ಮಧ್ಯಾಹ್ನದ ನೃತ್ಯಕ್ಕೂ ಅದು ಹೆಸರಾಗಿದೆ. ವಾರದ ಉಳಿದ ದಿನಗಳನ್ನು ಬಾಯೂ ಟೆಶ್ ದಂಡೆಯ ಊರುಗಳಿಗೆ ಮೀಸಲಿಡಬಹುದು. ಬಾಯೂ ಎಂದರೆ ನಿಧಾನವಾಗಿ ಹರಿಯುವ ಅಗಲ ಕಿರಿದಾದ ಹೊಳೆ. ಸೇಂಟ್ ಮಾರ್ಟಿನ್‌ವಿಲ್‌ನಲ್ಲಿ ಲಾಂಗ್‌ಫೆಲೋ ಕವಿಯ 1847ರ ಕಾವ್ಯದ ನಾಯಕಿಯ ಹೆಸರು ಹೊತ್ತ ಇವಾಂಜೆಲಿನ್ ಓಕ್ ಮರ, ಗಡೀಪಾರಾದವರ ಸ್ಮಾರಕ ಮತ್ತು ಆಫ್ರಿಕನ್ ಅಮೆರಿಕನ್ನರ ವಸ್ತುಸಂಗ್ರಹಾಲಯ ಒಂದೇ ಆವರಣದ ಆಸುಪಾಸಿನಲ್ಲಿವೆ; ಒಂದು ಜನಾಂಗ ಹಡಗಿನಲ್ಲಿ ತಳ್ಳಿಸಿಕೊಂಡು ಬಂದದ್ದನ್ನೂ ಇನ್ನೊಂದು ಜನಾಂಗ ಸಂಕೋಲೆಯಲ್ಲಿ ಬಂದದ್ದನ್ನೂ ಒಟ್ಟಿಗೆ ನೋಡುವ ಅವಕಾಶ ಇದಾಗಿರುವುದರಿಂದ ಮರದ ಕೆಳಗೆ ಚಿತ್ರ ತೆಗೆಸಿಕೊಂಡು ಹೊರಟುಬಿಡುವುದು ಸಲ್ಲದು. ನ್ಯೂ ಐಬೀರಿಯಾದಲ್ಲಿ 1834ರಲ್ಲಿ ಪೂರ್ಣಗೊಂಡ ಶಾಡೋಸ್ ಆನ್ ದ ಟೆಶ್ ಎಂಬ ಸಕ್ಕರೆ ತೋಟದ ಒಡೆಯರ ಮನೆಯನ್ನೂ ಅದೇ ಅರಿವಿನಿಂದ, ಅಂದರೆ ಗುಲಾಮರ ದುಡಿಮೆಯಿಂದ ಎದ್ದು ನಿಂತದ್ದು ಎಂಬ ಅರಿವಿನಿಂದ, ನೋಡಬೇಕು. ಸಮೀಪದ ಏವರಿ ಐಲೆಂಡ್ ಉಪ್ಪಿನ ಬೃಹತ್ ದಿಬ್ಬದ ಮೇಲೆ ನಿಂತ ನೆಲ. ಟಬಾಸ್ಕೊ ಮೆಣಸಿನ ಸಾಸ್ 1868ರಿಂದ ಅಲ್ಲಿಯದೇ. ಕಾರ್ಖಾನೆಗಿಂತ ಅದರ ಪಕ್ಕದ ಜಂಗಲ್ ಗಾರ್ಡನ್ಸ್‌ಗೆ ಹೆಚ್ಚು ಸಮಯ ಕೊಡುವುದು ಒಳಿತು, ಏಕೆಂದರೆ ಟೋಪಿಗಳ ಗರಿಗಾಗಿ ಬೇಟೆಯಾಡಿ ಅಳಿವಿನಂಚಿಗೆ ತಳ್ಳಲ್ಪಟ್ಟಿದ್ದ ಬೆಳ್ಳಕ್ಕಿಗಳನ್ನು 1890ರ ದಶಕದಲ್ಲಿ ಅಲ್ಲಿ ಸಾಕಿ ಉಳಿಸಲಾಯಿತು.

ಸಂಗೀತವನ್ನು ಗುರುತಿಸುವುದು ಹೇಗೆ

ಕೇಜನ್ ಮೇಳದಲ್ಲಿ ಪಿಟೀಲು, ಗಿಟಾರ್, ಉಕ್ಕಿನ ತ್ರಿಕೋನ ಮತ್ತು ಒಂದೇ ಸಾಲಿನಲ್ಲಿ ಹತ್ತು ಗುಂಡಿಗಳಿರುವ ಪುಟ್ಟ ಅಕಾರ್ಡಿಯನ್ ಇರುತ್ತವೆ. ಹಾರ್ಮೋನಿಯಂನಂತೆ ಇದೂ ಲೋಹದ ನಾಲಗೆಗಳ ಕಂಪನದಿಂದ ನುಡಿಯುವ ವಾದ್ಯವಾದರೂ, ತಿದಿಯನ್ನು ಒತ್ತುವಾಗ ಒಂದು ಸ್ವರ, ಎಳೆಯುವಾಗ ಅದೇ ಗುಂಡಿಯಲ್ಲಿ ಇನ್ನೊಂದು ಸ್ವರ ಬರುವುದರಿಂದ ನುಡಿಸುವಿಕೆಗೆ ಒಂದು ಬಗೆಯ ಜಗ್ಗಾಟದ ಲಯ ತಾನಾಗಿ ಒದಗುತ್ತದೆ. ಮೊದಲಿಗೆ ಜರ್ಮನಿಯಿಂದ ಬರುತ್ತಿದ್ದ ಈ ವಾದ್ಯಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಗದಂತಾದ ಮೇಲೆ ಸ್ಥಳೀಯ ಬಡಗಿಗಳೇ ಅವನ್ನು ತಯಾರಿಸಲು ಕಲಿತರು. ತ್ರಿಕೋನವನ್ನಂತೂ ಹಿಂದೆ ಹುಲ್ಲು ಗುಡಿಸುವ ಹಳೆಯ ಕುಂಟೆಯ ಹಲ್ಲುಗಳನ್ನು ಬಾಗಿಸಿ ಮಾಡುತ್ತಿದ್ದರು.

ಜೈಡೆಕೊ ಕ್ರಿಯೋಲರ ಸಂಗೀತ; ಬ್ಲೂಸ್ ಮತ್ತು ರಿದಮ್ ಅಂಡ್ ಬ್ಲೂಸ್‌ಗಳ ಬಲದಿಂದ ಅದು ಹೆಚ್ಚು ವೇಗವಾಗಿಯೂ ತಾಳಪ್ರಧಾನವಾಗಿಯೂ ಇರುತ್ತದೆ. ಒಪೆಲೂಸಸ್ ಬಳಿ 1925ರಲ್ಲಿ ಹುಟ್ಟಿದ ಕ್ಲಿಫ್ಟನ್ ಶೆನಿಯೆ ಅದಕ್ಕೆ ಇಂದಿನ ರೂಪ ಕೊಟ್ಟವನು. ಹೆಗಲಿನಿಂದ ಎದೆಯ ಮೇಲೆ ಇಳಿಬಿಟ್ಟ, ಅಲೆಅಲೆಯಾಗಿ ಮಡಿಸಿದ ತಗಡಿನ ಅಂಗಿಯನ್ನು ಚಮಚ ಅಥವಾ ಬಾಟಲಿ ತೆರೆಯುವ ಸಾಧನಗಳಿಂದ ಕೆರೆದು ತಾಳ ಹಿಡಿಯುವ ವಾದಕ ಕಂಡರೆ ಅದು ಜೈಡೆಕೊ ಎಂದು ತಿಳಿಯಬಹುದು. ಆ ತಗಡಿನ ವಾದ್ಯದ ಹೆಸರು ಫ್ರೊಟ್ವಾರ್. ಈ ಎರಡು ಧಾರೆಗಳ ಮೂಲದಲ್ಲಿ ಕ್ರಿಯೋಲ್ ಅಕಾರ್ಡಿಯನ್ ವಾದಕ ಅಮೆಡೆ ಆರ್ಡ್ವಾನ್ ಇದ್ದಾನೆ. ಅವನು ಬಿಳಿಯ ಪಿಟೀಲು ವಾದಕ ಡೆನಿಸ್ ಮೆಕ್‌ಗೀ ಜತೆಗೂಡಿ 1929ರಲ್ಲಿ ಧ್ವನಿಮುದ್ರಿಸಲು ಆರಂಭಿಸಿದ ಹಾಡುಗಳನ್ನು ಹೊರಡುವ ಮೊದಲೇ ಕೇಳಿಕೊಂಡು ಹೋದವರಿಗೆ ಅಲ್ಲಿ ಕೇಳುವ ಪ್ರತಿಯೊಂದು ವಾದನದಲ್ಲೂ ಅವನ ಛಾಯೆ ಗೋಚರಿಸುತ್ತದೆ.

ನೃತ್ಯಶಾಲೆಯಲ್ಲಿ ಸುಮ್ಮನೆ ಕುಳಿತು ನೋಡುವುದಕ್ಕೆ ಅಡ್ಡಿಯಿಲ್ಲ, ಆದರೆ ಯಾರಾದರೂ ಕುಣಿಯಲು ಕರೆದರೆ ಅದು ಅಲ್ಲಿನ ಸಹಜ ಸೌಜನ್ಯ. ಜೋಡಿಗಳು ಅಂಕಣದ ಸುತ್ತ ಅಪ್ರದಕ್ಷಿಣವಾಗಿ ಚಲಿಸುತ್ತವೆ. ಹೊಸಬರು ನಡುಭಾಗದಲ್ಲಿ ನಿಂತು ಅಭ್ಯಾಸ ಮಾಡಿದರೆ ಯಾರ ದಾರಿಗೂ ಅಡ್ಡವಾಗುವುದಿಲ್ಲ. ವಾದಕರ ಮುಂದಿಟ್ಟ ಡಬ್ಬಿಗೆ ಹಣ ಹಾಕುವುದನ್ನು ಮರೆಯಬಾರದು.

ಊಟ: ಏನು, ಯಾವಾಗ, ಎಚ್ಚರ ಎಲ್ಲಿ

ಇಲ್ಲಿನ ಅಡುಗೆಗೆ ‘ರೂ’ ಎಂಬುದೇ ಅಡಿಪಾಯ. ಹಿಟ್ಟು ಮತ್ತು ಎಣ್ಣೆಯನ್ನು ಸಮಪ್ರಮಾಣದಲ್ಲಿ ದಪ್ಪ ತಳದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯವರೆಗೂ ಕೈಬಿಡದೆ ತಿರುವುತ್ತ ಹೋದಂತೆ ಅದು ಗೋಧಿ ಬಣ್ಣದಿಂದ ಕಡಲೆಕಾಯಿ ಸಿಪ್ಪೆಯ ಬಣ್ಣಕ್ಕೆ, ಅಲ್ಲಿಂದ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಹಿಟ್ಟಿನ ಪಿಷ್ಟ ಒಡೆಯುವುದರಿಂದ ಸಾರು ಗಟ್ಟಿಯಾಗುವ ಗುಣ ತಗ್ಗುತ್ತದೆ, ಹುರಿದ ಘಮ ಹೆಚ್ಚುತ್ತದೆ; ಒಂದು ಕಪ್ಪು ಚುಕ್ಕೆ ಕಂಡರೂ ಎಲ್ಲವನ್ನೂ ಚೆಲ್ಲಿ ಮೊದಲಿನಿಂದ ಆರಂಭಿಸಬೇಕೆಂಬುದು ಅಲ್ಲಿನ ಅಡುಗೆಯವರ ನಿಯಮ. ಹದಕ್ಕೆ ಬಂದೊಡನೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಹಾಕಿದರೆ ರೂ ಮತ್ತಷ್ಟು ಕಪ್ಪಾಗುವುದು ನಿಲ್ಲುತ್ತದೆ. ಇದಕ್ಕೆ ಕೋಳಿ ಮತ್ತು ಹೊಗೆಯಾಡಿಸಿದ ಸಾಸೇಜ್ ಅಥವಾ ಸಿಗಡಿ, ಏಡಿ ಸೇರಿಸಿ ಕುದಿಸಿದ ಸಾರೇ ಗಂಬೊ; ಅನ್ನದ ಮೇಲೆ ಸುರಿದುಕೊಂಡು ಉಣ್ಣುತ್ತಾರೆ. ಆಫ್ರಿಕನ್ನರೊಂದಿಗೆ ಬಂದ ಬೆಂಡೆಕಾಯಿ ಕೆಲವು ಗಂಬೊಗಳಿಗೆ ಲೋಳೆಯ ಗಟ್ಟಿತನ ಕೊಡುತ್ತದೆ. ಚೊಕ್ಟಾ ಮೂಲನಿವಾಸಿಗಳಿಂದ ಬಂದ ಫೀಲೆ, ಅಂದರೆ ಸಾಸಫ್ರಾಸ್ ಎಲೆಯ ಪುಡಿ, ಕುದಿದರೆ ನೂಲುನೂಲಾಗುವುದರಿಂದ ಅದನ್ನು ಒಲೆಯಿಂದ ಇಳಿಸಿದ ಮೇಲೆಯೇ ಉದುರಿಸುತ್ತಾರೆ. ಸಾಮಾನ್ಯವಾಗಿ ಟೊಮೆಟೊ ಕಂಡರೆ ಅದು ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಶೈಲಿ. ಬಯಲಿನ ಕೇಜನ್ ಗಂಬೊದಲ್ಲಿ ಅದು ಅಪರೂಪ.

ಕ್ರಾಫಿಶ್ ಸಿಹಿನೀರಿನ ಜೀವಿ. ಕ್ರೌಲಿ, ಯೂನಿಸ್ ಸುತ್ತಲಿನ ರೈತರು ಭತ್ತ ಕೊಯ್ದ ಗದ್ದೆಗೆ ಮತ್ತೆ ನೀರು ನಿಲ್ಲಿಸಿ ಅದನ್ನು ಸಾಕುತ್ತಾರೆ; ಹೀಗೆ ಒಂದೇ ಗದ್ದೆ ಬೇಸಿಗೆಯಲ್ಲಿ ಅಕ್ಕಿಯನ್ನೂ ಚಳಿಗಾಲ, ವಸಂತಗಳಲ್ಲಿ ಕ್ರಾಫಿಶನ್ನೂ ಕೊಡುತ್ತದೆ. ಜನವರಿಯಿಂದ ಜೂನ್‌ವರೆಗೆ ಅದರ ಕಾಲವಾದರೂ ಮಾರ್ಚ್, ಏಪ್ರಿಲ್‌ಗಳಲ್ಲಿ ಅದು ದಪ್ಪವಾಗಿಯೂ ಅಗ್ಗವಾಗಿಯೂ ಸಿಗುತ್ತದೆ. ಬೇಯಿಸಿದ್ದನ್ನು ತೂಕದ ಮೇಲೆ ಮಾರುತ್ತಾರೆ. ಒಬ್ಬರಿಗೆ ಮೂರು ಪೌಂಡ್, ಅಂದರೆ ಸುಮಾರು 1.4 ಕೆ.ಜಿ., ಎಂಬ ಮಾತು ಕೇಳಿ ಗಾಬರಿಯಾಗಬೇಕಿಲ್ಲ, ಏಕೆಂದರೆ ಅದರಲ್ಲಿ ತಿನ್ನಲು ಬರುವುದು ಬಾಲದ ಅಲ್ಪ ಮಾಂಸ ಮಾತ್ರ. ತಲೆಯನ್ನು ಒಂದು ಕೈಯಲ್ಲಿ, ಬಾಲವನ್ನು ಇನ್ನೊಂದರಲ್ಲಿ ಹಿಡಿದು ತಿರುಚಿ ಎಳೆದು, ಬಾಲದ ಮೊದಲ ಒಂದೆರಡು ಚಿಪ್ಪುಗಳನ್ನು ಸುಲಿದು, ತುದಿಯನ್ನು ಒತ್ತಿದರೆ ಮಾಂಸ ಹೊರಬರುತ್ತದೆ. ಆ ಕೈಯಿಂದ ಕಣ್ಣು ಮುಟ್ಟಬಾರದು. ಬೇಯಿಸಿದ ನೀರಿನ ಮೆಣಸಿನ ಖಾರ ಬೆರಳುಗಳಲ್ಲಿ ಬಹಳ ಹೊತ್ತು ಉಳಿಯುತ್ತದೆ.

ಸ್ಕಾಟ್ ಎಂಬ ಊರು ಬೂಡಾನ್‌ಗೆ ಹೆಸರಾದದ್ದು. ಹಂದಿ ಮಾಂಸ, ಯಕೃತ್ತು, ಅನ್ನ, ಈರುಳ್ಳಿ ಸೊಪ್ಪುಗಳನ್ನು ಕರುಳಿನ ಪೊರೆಯಲ್ಲಿ ತುಂಬಿದ ಈ ತಿನಿಸನ್ನು ಮಾಂಸದ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಬಿಸಿಯಾಗಿ ಕೊಂಡು, ಕಾರಿನ ಬಳಿ ನಿಂತೇ ತಿನ್ನುವುದು ವಾಡಿಕೆ.

ಸಸ್ಯಾಹಾರಿಗಳು ಹೆಸರನ್ನು ನೋಡಿ ಮೋಸ ಹೋಗುವ ಸಂಭವ ಇಲ್ಲಿ ತುಂಬ ಹೆಚ್ಚು. ಸೊಪ್ಪಿನ ಗಂಬೊ ಎನಿಸಿಕೊಳ್ಳುವ ಗಂಬೊ ಜೆರ್ಬ್‌ನಲ್ಲಿ ಹೆಚ್ಚಾಗಿ ಮಾಂಸವಿರುತ್ತದೆ. ಕೆಂಪು ಅವರೆಯ ಜತೆ ಸಾಸೇಜ್ ಬೆಂದಿರುತ್ತದೆ. ರೈಸ್ ಡ್ರೆಸ್ಸಿಂಗ್ ಎಂಬ ಅನ್ನದಲ್ಲಿ ಯಕೃತ್ತು ಇರುತ್ತದೆ. ಮುಸುಕಿನ ಜೋಳದ ಮಾಕ್ ಶೂ ಎಂಬ ಪಲ್ಯಕ್ಕೂ ಹಂದಿಯ ಕೊಬ್ಬಿನ ಒಗ್ಗರಣೆ ಬಿದ್ದಿರಬಹುದು. ಕ್ರೈಸ್ತರ ಲೆಂಟ್ ಉಪವಾಸದ ಶುಕ್ರವಾರಗಳಂದು ಮಾಂಸವಿಲ್ಲ ಎಂದರೆ ಅಲ್ಲಿ ಮೀನು, ಸಿಗಡಿ ಇದೆ ಎಂದೇ ಅರ್ಥ. ಮಾಂಸವಿಲ್ಲದ್ದು ಬೇಕು ಎಂದು ಕೇಳುವ ಬದಲು ಮಾಂಸ, ಮೀನು, ಮಾಂಸದ ಸಾರು, ಹಂದಿ ಕೊಬ್ಬು ಇವು ನಾಲ್ಕೂ ಇರಬಾರದು ಎಂದು ಬಿಡಿಸಿ ಹೇಳಬೇಕು. ಅದಕ್ಕಿಂತ ಮೇಲಾದದ್ದು, ರೈತರ ಸಂತೆಯಲ್ಲಿ ಬೆಂಡೆಕಾಯಿ, ಗೆಣಸು, ಜೋಳ ಮತ್ತು ಅಲ್ಲಿಯೇ ಬೆಳೆದ ಅಕ್ಕಿ ಕೊಂಡು, ಕುಟೀರದ ಒಲೆಯ ಮೇಲೆ ಎಣ್ಣೆಯ ರೂ ಮಾಡಿ, ತರಕಾರಿ ಗಂಬೊ ಬೇಯಿಸಿಕೊಳ್ಳುವುದು. ಚಿಪ್ಪುಜೀವಿಗಳ ಅಲರ್ಜಿ ಇರುವವರು, ಒಂದೇ ಎಣ್ಣೆಯಲ್ಲಿ ಎಲ್ಲವನ್ನೂ ಕರಿಯುವ ಅಂಗಡಿಗಳಲ್ಲಿ ಆಲೂಗಡ್ಡೆಯನ್ನೂ ತಿನ್ನದಿರುವುದು ಕ್ಷೇಮ.

ಸಾಮಾನ್ಯ ತಪ್ಪುಗಳು ಮತ್ತು ಎಚ್ಚರಿಕೆಗಳು

ಅಚಾಫಲಾಯಾ ಜೌಗನ್ನು ಹೆದ್ದಾರಿಯ 29 ಕಿ.ಮೀ. ಉದ್ದದ ಸೇತುವೆಯ ಮೇಲಿಂದ ನೋಡಿ ತೃಪ್ತರಾಗುವುದು ಮೊದಲ ತಪ್ಪು. ಹೆಂಡರ್ಸನ್ ಬಳಿ ಕೆಳಗಿಳಿದು ಸಣ್ಣ ದೋಣಿಯಲ್ಲಿ ಹೋದರೆ ಮಾತ್ರ ನೀರಿನಿಂದ ಮೇಲೆದ್ದ ಸೈಪ್ರೆಸ್ ಮರಗಳ ಬುಡ ಕಾಣುತ್ತದೆ. ಅಬ್ಬರದ ಗಾಳಿಯಂತ್ರದ ದೋಣಿಗಿಂತ ನಿಧಾನದ ದೋಣಿಯಲ್ಲಿ ಹಕ್ಕಿಗಳು ಹೆಚ್ಚು ಕಾಣಸಿಗುತ್ತವೆ. ಮೊಸಳೆ ಜಾತಿಯ ಅಲಿಗೇಟರ್‌ಗಳು ಚಳಿಗಾಲದಲ್ಲಿ ಹೆಚ್ಚಾಗಿ ಹೊರಗೆ ಬಾರವು. ಬಿಸಿಲಿನ ದಿನಗಳಲ್ಲಿ ದಂಡೆಯಲ್ಲೇ ಮಲಗಿರುತ್ತವೆಯಾದ್ದರಿಂದ ಮಕ್ಕಳನ್ನು ನೀರಿನ ಅಂಚಿಗೆ ಬಿಡಬಾರದು, ಅವಕ್ಕೆ ತಿನಿಸು ಎಸೆಯಲೇಬಾರದು.

ಲೆಂಟ್ ಆರಂಭದ ಮುನ್ನಾದಿನದ ಮಾರ್ಡಿ ಗ್ರಾ ಹಬ್ಬ ಎಂದರೆ ನ್ಯೂ ಆರ್ಲಿಯನ್ಸ್‌ನ ಮೆರವಣಿಗೆ ಮಾತ್ರ ಎಂಬ ಗ್ರಹಿಕೆ ಇನ್ನೊಂದು ತಪ್ಪು. ಮಾಮೂ, ಯೂನಿಸ್, ಚರ್ಚ್ ಪಾಯಿಂಟ್ ಊರುಗಳಲ್ಲಿ ಮುಖವಾಡ ತೊಟ್ಟವರು ಕಪಿತಾನ ಎಂಬ ನಾಯಕನ ಅಪ್ಪಣೆಯಂತೆ ಕುದುರೆ, ಬಂಡಿಗಳಲ್ಲಿ ಮನೆಮನೆಗೆ ಹೋಗಿ, ಕುಣಿದು, ಬೇಡಿ, ಕೋಳಿಯನ್ನು ಬೆನ್ನಟ್ಟಿ ಹಿಡಿದು ಗಂಬೊಕ್ಕೆ ಸಾಮಗ್ರಿ ಕೂಡಿಸುವ ಕೂರಿರ್ ಎಂಬ ಆಚರಣೆ ಇದೆ. ಇದು ಊರಿನವರದೇ ಆಚರಣೆಯಾಗಿದ್ದು, ಹೊರಗಿನವರು ದಾರಿಬದಿಯಲ್ಲಿ ನಿಂತು ನೋಡಬೇಕೇ ಹೊರತು ಅನುಮತಿಯಿಲ್ಲದೆ ಖಾಸಗಿ ಹೊಲ, ಅಂಗಳಗಳಿಗೆ ನುಗ್ಗಬಾರದು.

ಮದ್ಯಪಾನಕ್ಕೆ ಕಾನೂನುಬದ್ಧ ವಯಸ್ಸು 21 ಆಗಿರುವುದರಿಂದ ನೃತ್ಯಶಾಲೆಯ ಬಾಗಿಲಲ್ಲಿ ಗುರುತಿನ ಚೀಟಿ ಕೇಳುವುದುಂಟು. ಮಕ್ಕಳೊಂದಿಗೆ ಹೋಗುವವರು ಪ್ರವೇಶದ ನಿಯಮವನ್ನು ಮುಂಚಿತವಾಗಿ ವಿಚಾರಿಸಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2020ರ ಆಗಸ್ಟ್‌ನಲ್ಲಿ ಲಾರಾ ಚಂಡಮಾರುತ ಲೇಕ್ ಚಾರ್ಲ್ಸ್ ನಗರವನ್ನು ಜರ್ಜರಿತಗೊಳಿಸಿದ್ದು ಇದೇ ಅವಧಿಯಲ್ಲಿ. ಈ ತಿಂಗಳುಗಳಲ್ಲಿ ಹೋಗುವವರು ರದ್ದುಪಡಿಸಿದರೆ ಹಣ ಮರಳಿ ಕೊಡುವ ವಸತಿಯನ್ನೇ ಕಾಯ್ದಿರಿಸಬೇಕು, ಸ್ಥಳಾಂತರದ ಆದೇಶ ಹೊರಟರೆ ಹೆದ್ದಾರಿ ತುಂಬುವ ಮುನ್ನವೇ ಉತ್ತರದ ಕಡೆಗೆ ಹೊರಟುಬಿಡಬೇಕು, ಬಾಡಿಗೆ ಕಾರಿನ ಇಂಧನವನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬಾರದು.